ಟೋಕನ್ ಕೊಡುವ ಮೊದಲು ಒಂದು ರಾತ್ರಿ ತಡೆಯಿರಿ

ಹಾವೇರಿ ದನದ ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಹಲ್ಲು ನೋಡುತ್ತಾರೆ, ನಡೆಸಿ ನೋಡುತ್ತಾರೆ, ಚಹಾ ಕುಡಿದು ಬಂದು ಮತ್ತೊಮ್ಮೆ ನೋಡುತ್ತಾರೆ. ದಲಾಲ ಎಷ್ಟು ಅವಸರ ಮಾಡಿದರೂ ಜಗ್ಗುವುದಿಲ್ಲ. ಅದೇ ನಾವು ಬೆಂಗಳೂರಿಗೆ ಹೋಗಿ ಬಾಡಿಗೆ ಮನೆ ನೋಡುವಾಗ ಹತ್ತೇ ನಿಮಿಷದಲ್ಲಿ ಫೋನಿನಿಂದ ದುಡ್ಡು ಹಾಕಿಬಿಡುತ್ತೇವೆ. ನಾನೂ ಹಾಗೆ ಹಾಕಿದವನೇ.

ಅಕ್ಕನ ಮಗನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿತ್ತು. ಮನೆ ಹುಡುಕಲು ನಾನೂ ಹೋದೆ. ಬ್ರೋಕರ್ ಮೊದಲು ತೋರಿಸಿದ ಮನೆಗೆ ಕಿಟಕಿಯೇ ಇಲ್ಲ. ಎರಡನೆಯದರ ಗೋಡೆ ತುಂಬ ನೀರಿಳಿದ ಕಲೆ. ಮೂರನೆಯದು ಸುಮಾರಾಗಿತ್ತು, ಆದರೆ ಅವೆರಡನ್ನು ನೋಡಿ ಬಂದ ಕಣ್ಣಿಗೆ ಅರಮನೆಯಂತೆ ಕಂಡಿತು.

"ಸರ್, ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ. ಈಗಲೇ ಐದು ಸಾವಿರ ಟೋಕನ್ ಹಾಕಿದ್ರೆ ನಿಮಗೇ ಇಡಿಸ್ತೀನಿ. ಸಾಮಾನು ಭಾನುವಾರ ತರ್ತೀರೋ, ಸೋಮವಾರನೋ?"

ಮನೆ ಬೇಕೋ ಬೇಡವೋ ಎಂದು ಅವನು ಕೇಳಲೇ ಇಲ್ಲ. "ಕೊಟ್ಟಬಿಡೋಣ್ರಿ ಮಾಮಾ" ಅಂದ ಅಳಿಯ. ಕೊಟ್ಟೆವು.

ಮರುದಿನ ಪಕ್ಕದ ಮನೆಯವರು ಹೇಳಿದರು: ಬೋರ್‌ವೆಲ್ ಬತ್ತಿದೆ, ಟ್ಯಾಂಕರ್ ನೀರೇ ಗತಿ, ಅದರ ದುಡ್ಡು ಬೇರೆ. ಮನೆ ಬೇಡವೆಂದರೆ, "ಟೋಕನ್ ವಾಪಸ್ ಬರಲ್ಲ ಸರ್" ಎಂಬ ಉತ್ತರ. ಅದು ಅಕ್ಕ ಸಂಘದಲ್ಲಿ ತೆಗೆದ ಸಾಲದ ಹಣ. ಎಂಟು ದಿನದ ಮೇಲೆ ಆ ಬೀದಿಯಲ್ಲಿ ಹೋದಾಗ ಟು-ಲೆಟ್ ಬೋರ್ಡ್ ಹಾಗೇ ನೇತಾಡುತ್ತಿತ್ತು.

ಬ್ರೋಕರನ್ನು ಬೈದು ಫಲವಿಲ್ಲ. ವ್ಯವಹಾರ ಕುದುರಿದರೆ ಮಾತ್ರ ಅವನಿಗೆ ಕಮಿಷನ್, ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ. ನಾವು ಊರಿಗೆ ಹೋಗಿ ಯೋಚನೆ ಮಾಡಿದರೆ ಅವನ ದಿನದ ದುಡಿಮೆ ಹೋದಂತೆ. ಅದಕ್ಕೇ ಅವನ ಮಾತೆಲ್ಲ ನಮಗೆ ಯೋಚಿಸಲು ಹೊತ್ತು ಸಿಗದಂತೆ ನೋಡಿಕೊಳ್ಳುತ್ತದೆ.

ಲೆಕ್ಕ ಹಾಕಿ. ಬಾಡಿಗೆ 12,000 ರೂಪಾಯಿ ಇದ್ದು, ಐದು ತಿಂಗಳ ಅಡ್ವಾನ್ಸ್ ಕೇಳಿದರೆ 60,000. ಮೊದಲ ತಿಂಗಳ ಬಾಡಿಗೆ, ಕಮಿಷನ್ ಸೇರಿ 84,000. ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿಯೂ ಇದೆ. ಒಂದು ಜೋಡಿ ಎತ್ತಿನ ದುಡ್ಡು ಇದು. ಇದಕ್ಕೆ ಹತ್ತು ನಿಮಿಷ ಸಾಕೇ?

ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರಷ್ಟೇ ಬಲ. 2016ರ ರೇರಾ ಕಾಯ್ದೆಯ ಏಜೆಂಟ್ ನೋಂದಣಿಯೂ ಮನೆ, ಸೈಟು ಮಾರಿಸುವವರಿಗೆ, ಬಾಡಿಗೆ ಕೊಡಿಸುವವರಿಗಲ್ಲ. ನಮ್ಮ ಶಾಸಕರು ವೋಟಿಗೆ ಬಂದಾಗ ರಸ್ತೆ, ಚರಂಡಿ ಜೊತೆ ಈ ಎರಡು ತಿಂಗಳ ಮಿತಿಯನ್ನೂ ಕೇಳಬೇಕು ಎಂಬುದು ನನ್ನ ವಾದ. ಪ್ರತಿ ಊರಿನಿಂದಲೂ ಮಕ್ಕಳು ಬೆಂಗಳೂರು ಬಸ್ಸು ಹತ್ತುತ್ತಿದ್ದಾರೆ.

ಅಲ್ಲಿಯತನಕ ನಮ್ಮ ಕೈಯಲ್ಲಿರುವುದು ಇಷ್ಟು. ನಲ್ಲಿ ತಿರುಗಿಸಿ ನೋಡಿ. ಪಕ್ಕದ ಮನೆಯವರನ್ನು ನೀರು, ಕರೆಂಟು ಕೇಳಿ. ಓನರ್ ಜೊತೆ ನೇರವಾಗಿ ಮಾತಾಡಿ. ಟೋಕನ್ ಕೊಡಲೇಬೇಕಾದರೆ, ಮನೆ ಬೇಡವಾದರೆ ವಾಪಸ್ ಕೊಡುತ್ತೀರಾ ಎಂದು ಮೊದಲೇ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. 11 ತಿಂಗಳ ಅಗ್ರಿಮೆಂಟ್‌ನಲ್ಲಿ ಪೇಂಟಿಂಗ್‌ಗೆ ಎಷ್ಟು, ಅಡ್ವಾನ್ಸ್ ಯಾವಾಗ ವಾಪಸ್ ಎಂಬುದನ್ನು ಓದದೆ ಸಹಿ ಹಾಕಬೇಡಿ.

"ಸಂಜೆ ಇನ್ನೊಬ್ಬರು ಬರ್ತಾರೆ" ಅಂದರೆ, "ಬರಲಿ ಬಿಡಿ, ನಾವು ನಾಳೆ ಹೇಳ್ತೀವಿ" ಅನ್ನಿ. ಆ ಮನೆ ಹೋದರೆ ಇನ್ನೊಂದು ಸಿಗುತ್ತದೆ. ಅಕ್ಕನ ಐದು ಸಾವಿರ ಇನ್ನೂ ವಾಪಸ್ ಬಂದಿಲ್ಲ.