ಅಡಿಗೆಮನೆಯ ಹೊಗೆಗೆ ದಾರಿ

ಧಾರವಾಡ ಸೀಮೆಯ ಹಳೆಯ ಮಾಳಿಗೆಮನೆಗಳಲ್ಲಿ ಅಡಿಗೆಮನೆಯ ಮೇಲ್ಗಡೆ ಒಂದು ಬೆಳಕಿಂಡಿ ಇರುತ್ತಿತ್ತು. ಹೆಸರು ಬೆಳಕಿನದಾದರೂ ಒಲೆಯ ಮುಂದೆ ಕುಳಿತವಳಿಗೆ ಅದರಿಂದ ಆಗುತ್ತಿದ್ದ ಉಪಕಾರ ಹೊಗೆಯದು. ಬಿಸಿಯಾದ ಗಾಳಿ ಹಗುರಾಗಿ ತಾನಾಗಿಯೇ ಮೇಲೇರಿ ಹೊರಬೀಳುತ್ತಿತ್ತು. ಇಂದು ವಿದ್ಯಾನಗರ, ಕೇಶ್ವಾಪುರ, ಸಪ್ತಾಪುರಗಳ ಬಹುಮಹಡಿ ಮನೆಗಳಲ್ಲಿ ತಲೆಯ ಮೇಲೆ ಇನ್ನೊಬ್ಬರ ಅಡಿಗೆಮನೆ. ಬೆಳಕಿಂಡಿಯ ಕೆಲಸವನ್ನು ವಿದ್ಯುತ್ತಿನ ಚಿಮಣಿ ವಹಿಸಿಕೊಂಡಿದೆ. ಸೀಮೆಎಣ್ಣೆಯನ್ನು ‘ಚಿಮಣಿ ಎಣ್ಣೆ’ ಎಂದೇ ಕರೆದ ಈ ಭಾಗದಲ್ಲಿ, ಹೊಗೆಯುಗುಳುವ ದೀಪದ ಹೆಸರು ಹೊಗೆ ನುಂಗುವ ಯಂತ್ರಕ್ಕೆ ಬಂದುದು ಒಂದು ವಿನೋದವೇ ಸರಿ.

ಅನಿಲದ ಒಲೆಗೆ ಹೊಗೆಯೆಲ್ಲಿಯದು ಎಂದು ಕೇಳುವವರುಂಟು. ಕಟ್ಟಿಗೆಯ ಹೊಗೆ ಇಲ್ಲ, ನಿಜ. ಆದರೆ ಕಾದ ಎಣ್ಣೆಯ ಹೊಗೆ ಉಂಟಷ್ಟೆ. ಅತಿ ಬಿಸಿಯಲ್ಲಿ ಕರಿಯುವಾಗ ಏಳುವ ಹೊಗೆಯು ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡುವ ಸಂಭವವಿದೆಯೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆ ೨೦೧೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದೆ. ಸಂಜೆಯ ಮಿರ್ಚಿ ಭಜಿಯನ್ನು ಬಿಡಬೇಕೆಂದು ಇದರರ್ಥವಲ್ಲ. ಹೊಗೆಗೆ ದಾರಿ ಬೇಕು, ಅಷ್ಟೆ.

ಒಗ್ಗರಣೆಯ ಖಾರಕ್ಕೆ ಕಣ್ಣುರಿದ ಮೇಲೆ ಗುಂಡಿ ಒತ್ತುವುದು ಅನೇಕರ ರೂಢಿ. ಒಲೆ ಹೊತ್ತಿಸುವ ಮೊದಲೇ ಯಂತ್ರ ತಿರುಗುತ್ತಿರಬೇಕು. ಅಡಿಗೆ ಮುಗಿದ ಮೇಲೂ ೧೦–೧೫ ನಿಮಿಷ ನಡೆಯಬೇಕು. ಎಷ್ಟು ಗಾಳಿ ಹೊರಗೆ ಹೋಗುವುದೋ ಅಷ್ಟು ಒಳಗೆ ಬರಬೇಕಾದುದರಿಂದ ಕಿಟಕಿಯೊಂದನ್ನು ತುಸು ತೆರೆದಿಡುವುದು ಅವಶ್ಯ. ಎಲ್ಲವನ್ನೂ ಮುಚ್ಚಿದರೆ ಸದ್ದು ಮಾತ್ರ ಉಳಿಯುತ್ತದೆ. ಹೊರಗಿನ ಕೊಳವೆಯೇ ಇಲ್ಲದ ಮಾದರಿಗಳೂ ಇವೆ. ಅವು ಇದ್ದಿಲಿನ ಶೋಧಕದಿಂದ ವಾಸನೆಯನ್ನು ಕುಗ್ಗಿಸಿ, ಅದೇ ಗಾಳಿಯನ್ನು ಮರಳಿ ಅಡಿಗೆಮನೆಗೇ ಬಿಡುತ್ತವೆ. ಬಿಸಿಯೂ ಹಬೆಯೂ ಒಳಗೇ ಉಳಿಯುತ್ತವೆ. ಗೋಡೆಯಲ್ಲಿ ರಂಧ್ರ ಕೊರೆಯಲು ಸಾಧ್ಯವಿದ್ದವರು ಇವುಗಳ ಗೊಡವೆಗೆ ಹೋಗದಿರುವುದು ಲೇಸು.

ಇನ್ನು ತೊಳೆಯುವ ವಿಚಾರ. ಈ ಅವಳಿನಗರದ ಅಡಿಗೆಮನೆಗಳಿಗೆ ಬೇರೆ ಊರುಗಳಲ್ಲಿ ಅಷ್ಟಾಗಿ ಇಲ್ಲದ ಒಂದು ತೊಡಕುಂಟು: ಜೋಳದ ರೊಟ್ಟಿ. ರೊಟ್ಟಿಗೆ ಎಣ್ಣೆ ಬೇಡ. ಆದರೆ ಬಡಿಯುವಾಗ ಹಾರುವ ಹಿಟ್ಟು ಗಾಳಿಯೊಡನೆ ಮೇಲೆ ಸೆಳೆಯಲ್ಪಟ್ಟು, ಜಾಲರಿಯ ಜಿಡ್ಡಿಗೆ ಅಂಟಿ ಸರಿಯಂತೆ ಗಟ್ಟಿಯಾಗುತ್ತದೆ. ಆದ್ದರಿಂದ ದಿನವೂ ರೊಟ್ಟಿ ಬಡಿಯುವ ಮನೆಯಲ್ಲಿ ಎರಡು ಮೂರು ವಾರಗಳಿಗೊಮ್ಮೆ ಜಾಲರಿಯನ್ನು ಕಳಚುವುದು ಒಳ್ಳೆಯದು. ಮೊದಲು ವಿದ್ಯುತ್ತನ್ನು ನಿಲ್ಲಿಸಬೇಕು. ಉಕ್ಕಿನ ಜಾಲರಿಯನ್ನು ಸುಡುನೀರಿನಲ್ಲಿ ವಾಷಿಂಗ್ ಸೋಡಾ ಬೆರೆಸಿ ಅರ್ಧ ಗಂಟೆ ನೆನೆಯಿಟ್ಟರೆ ಜಿಡ್ಡು ಬಿಡುತ್ತದೆ. ಅಲ್ಯೂಮಿನಿಯಮ್ಮಿನ ಜಾಲರಿಗೆ ಮಾತ್ರ ಸೋಡಾ ಸಲ್ಲದು, ಅದು ಕಪ್ಪಾಗುತ್ತದೆ. ಪಾತ್ರೆಯ ಸಾಬೂನು ಸಾಕು. ಇದ್ದಿಲಿನ ಶೋಧಕವನ್ನು ಸಾಮಾನ್ಯವಾಗಿ ತೊಳೆಯುವಂತಿಲ್ಲ, ಬದಲಾಯಿಸಬೇಕು. ತಾನೇ ಶುದ್ಧಿಯಾಗುವ ಯಂತ್ರಗಳಲ್ಲಿಯೂ ಕರಗಿದ ಎಣ್ಣೆ ಒಂದು ಬಟ್ಟಲಿಗೆ ಇಳಿಯುತ್ತದೆ. ಆ ಬಟ್ಟಲನ್ನು ಬರಿದುಮಾಡುವ ಕೆಲಸ ಮನೆಯವರದೇ!

ಜಿಡ್ಡು ತುಂಬಿದ ಜಾಲರಿ ಬರಿಯ ಕೊಳೆಯಲ್ಲ, ಉರುವಲು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಚಿಮಣಿಯು ಜ್ವಾಲೆಯನ್ನು ಕೊಳವೆಯೊಳಕ್ಕೆ ಎಳೆದುಕೊಳ್ಳುತ್ತದೆ. ಆಗ ಅನಿಲವನ್ನೂ ಚಿಮಣಿಯನ್ನೂ ನಿಲ್ಲಿಸಿ, ಬಾಣಲೆಯ ಮೇಲೆ ಲೋಹದ ಮುಚ್ಚಳವನ್ನು ಸರಿಸಿ ಮುಚ್ಚಬೇಕು. ನೀರನ್ನು ಎಂದಿಗೂ ಸುರಿಯಬಾರದು.

ತೊಳೆದ ಜಾಲರಿಯನ್ನು ಪೂರ್ಣ ಒಣಗಿಸಿ ಕೂಡಿಸಿದ ಮೇಲೆ, ಒಲೆ ಹೊತ್ತಿಸುವ ಮುನ್ನ, ಯಂತ್ರವನ್ನು ನಡೆಸಿ ತೆಳುವಾದ ಕಾಗದವೊಂದನ್ನು ಜಾಲರಿಗೆ ಹಿಡಿದು ನೋಡಬಹುದು. ಅಂಟಿ ನಿಂತರೆ ಎಳೆತ ಸರಿಯಾಗಿದೆ. ಜಾರಿಬಿದ್ದರೆ ಹೊರಗೆ ಹೋಗಿ ಕೊಳವೆಯ ಬಾಯಿಯನ್ನು ನೋಡತಕ್ಕದ್ದು. ಪಾರಿವಾಳವು ಅಲ್ಲಿ ಸಂಸಾರ ಹೂಡಿದ್ದರೂ ಆಶ್ಚರ್ಯವಿಲ್ಲ.