ಖಾಲಿ ಖೋಖಾ

ಕಸದಿಂದ ರಸ ತೆಗೆಯಬೇಕೆಂದು ಹಿರಿಯರು ಹೇಳುತ್ತಾರೆ. ಆದರೆ ಕಸವನ್ನು ಆರಿಸುವವನಿಗೆ ಸಲ್ಲಬೇಕಾದ ಮರ್ಯಾದೆಯ ಮಾತನ್ನು ಯಾರೂ ಎತ್ತುವುದಿಲ್ಲ. ಗುರಿಯಿಟ್ಟು ಹೊಡೆದವನ ಹೆಸರು ಫಲಕದ ಮೇಲೆ ಬರುತ್ತದೆ. ಹಾರಿಸಿದ ತೋಟಾಗಳ ಬರಿ ಚಿಪ್ಪನ್ನು ಹುಲ್ಲಿನಲ್ಲಿ ತಡಕಾಡಿ ತಂದವನ ಹೆಸರು ಎಲ್ಲಿಯೂ ಬರುವುದಿಲ್ಲ. ಈ ಎರಡನೆಯ ಕೆಲಸವೂ ಒಂದು ವಿದ್ಯೆಯೇ, ಅದನ್ನು ಶಿಕ್ಷೆಯಾಗಿ ಹಂಚುವುದು ಸರಿಯಲ್ಲ ಎಂದು ವಾಚಕರಲ್ಲಿ ನಿವೇದಿಸಿಕೊಳ್ಳುವುದೇ ಈ ಪುಟ್ಟ ಲೇಖನದ ಉದ್ದೇಶ.

ಎನ್.ಸಿ.ಸಿ.ಯಲ್ಲಿರುವ ಮಿತ್ರರಿಗೆ ‘ಖೋಖಾ’ ಎಂಬ ಮಾತು ಹೊಸದಲ್ಲ. ಗುಂಡು ಹಾರಿಹೋದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪಿಗೆ ಅಲ್ಲಿ ಆ ಹೆಸರು. ಕಳೆದ ವರ್ಷದ ಶಿಬಿರದಲ್ಲಿ, ಬೂಟಿಗೆ ಪಾಲಿಷ್ ಹಾಕದೆ ಬಂದ ತಪ್ಪಿಗಾಗಿ, ನನ್ನನ್ನು ಖೋಖಾ ಆರಿಸಲು ನೇಮಿಸಿದರು. ಹೊಡೆದವರು 20 ಮಂದಿ. ತಲೆಗೆ 5ರಂತೆ ಒಟ್ಟು 100 ತೋಟಾ. ಅವಮಾನದಿಂದ ತಲೆ ತಗ್ಗಿಸಿ, ಕೈಗೆ ಸಿಕ್ಕಿದ್ದನ್ನೆಲ್ಲ ಡಬ್ಬಕ್ಕೆ ಹಾಕಿ ಎಣಿಸಿದೆ. ಸರಿಯಾಗಿ ನೂರು ಇದ್ದವು. ಹೆಮ್ಮೆಯಿಂದಲೇ ಲೆಕ್ಕ ಒಪ್ಪಿಸಿದೆ.

ಉಸ್ತಾದರು ಲೆಕ್ಕ ಕೇಳಿ ಸುಮ್ಮನಾಗಲಿಲ್ಲ. ಡಬ್ಬವನ್ನು ಕಂಬಳಿಯ ಮೇಲೆ ಸುರಿದು ಒಂದೊಂದನ್ನೇ ನೋಡತೊಡಗಿದರು. ಅರ್ಧ ದಾಟಿದ ಮೇಲೆ ಅವರ ಕೈ ನಿಂತಿತು. ಆ ಒಂದರ ತುದಿಯಲ್ಲಿ ಸೀಸದ ಗುಂಡು ಹಾಗೆಯೇ ಕುಳಿತಿತ್ತು. ಬುಡದ ಅಂಚಿನಲ್ಲಿ ಕೋವಿಯ ಮೊಳೆ ಬಡಿದ ಗುರುತೂ ಇತ್ತು. ಬಡಿದರೂ ಹಾರದೆ ಉಳಿದ ತೋಟಾ ಅದು.

“ಲೆಕ್ಕ ಸರಿಯಾಗಿದೆಯಪ್ಪ. ಆದರೆ ಎಲ್ಲವೂ ಖಾಲಿ ಅಂತ ನಿನಗೆ ಹೇಳಿದವರು ಯಾರು?” ಎಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆ ಡಬ್ಬವನ್ನು ನಾನು ಕುಲುಕುತ್ತ ತಂದಿದ್ದೆ.

ಅಂದಿನಿಂದ ಈ ಚಿಪ್ಪುಗಳ ವಿಷಯದಲ್ಲಿ ನನಗೆ ಕುತೂಹಲ ಹುಟ್ಟಿತು. ನಾವು ಅಭ್ಯಾಸಕ್ಕೆ ಬಳಸುವ .22 ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ಅಂಚಿನೊಳಗೇ ಸೇರಿರುತ್ತದೆ. ಮೊಳೆ ಆ ಅಂಚನ್ನು ಜಜ್ಜುವುದರಿಂದ ಅದನ್ನು ಮತ್ತೆ ತುಂಬಿ ಬಳಸುವ ವಾಡಿಕೆಯಿಲ್ಲ. ದೊಡ್ಡ ತೋಟಾಗಳ ರೀತಿ ಬೇರೆ. ಅವುಗಳ ಬುಡದ ನಡುವೆ ಕೇಪು ಪ್ರತ್ಯೇಕವಾಗಿರುತ್ತದೆ. ಹಳೆಯ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದನ್ನು ಅಳೆದು ತುಂಬಿ, ಗುಂಡನ್ನು ಇಟ್ಟರೆ ಮತ್ತೆ ತೋಟಾ ಸಿದ್ಧ. ಅಮೆರಿಕದಲ್ಲಿ ಅನೇಕ ಗುರಿಕಾರರು ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅದು ಯುಕ್ತವೇ ಆಗಿದೆ. ಆದರೆ ಅವರು ಹಳೆಯ ಚಿಪ್ಪುಗಳನ್ನು ವಿಂಗಡಿಸುವ ಕ್ರಮವನ್ನು ತಿಳಿದಾಗ, ನಾನು ಅಂದು ಮಾಡಿದ್ದು ಆರಿಸುವ ಕೆಲಸವೇ ಅಲ್ಲ, ಬರಿಯ ಎಣಿಕೆ ಎಂಬುದು ಮನದಟ್ಟಾಯಿತು.

ಮೊದಲು ಅಳತೆ ನೋಡಬೇಕು. 9 ಮಿಲಿಮೀಟರಿನವೆಂದು ಕರೆಸಿಕೊಳ್ಳುವ ಪಿಸ್ತೂಲಿನ ಚಿಪ್ಪುಗಳಲ್ಲಿಯೇ 17, 18, 19 ಮಿಲಿಮೀಟರ್ ಉದ್ದದವು ಉಂಟು. ರಾಶಿಯಲ್ಲಿ ಬಿದ್ದಾಗ ಮೂರೂ ಒಂದೇ ಎನ್ನಿಸುತ್ತವೆ. ಆಮೇಲೆ ಅಯಸ್ಕಾಂತ ಹಿಡಿದು ಉಕ್ಕಿನವನ್ನು ಬೇರೆ ಮಾಡುತ್ತಾರೆ. ಒಳಗೆ ಇಣುಕಿದರೆ ಬುಡದಲ್ಲಿ ಒಂದೇ ರಂಧ್ರವಿದ್ದರೆ ಬಾಕ್ಸರ್ ಕ್ರಮ. ಸಾಮಾನ್ಯವಾಗಿ ಎರಡು ಸಣ್ಣ ರಂಧ್ರಗಳಿದ್ದರೆ ಬರ್ಡನ್ ಕ್ರಮ. ಎರಡೂ 1866ರಷ್ಟು ಹಿಂದಿನವು. ಬಾಕ್ಸರ್ ಇಂಗ್ಲೆಂಡಿನವನು, ಬರ್ಡನ್ ಅಮೆರಿಕದವನು. ಆದರೂ ಅಮೆರಿಕದಲ್ಲಿ ನೆಲೆಯೂರಿದ್ದು ಬಾಕ್ಸರನ ಕ್ರಮ, ಯೂರೋಪಿನಲ್ಲಿ ಹೆಚ್ಚಾಗಿ ಹರಡಿದ್ದು ಬರ್ಡನನದು! ಒಂದೇ ರಂಧ್ರವಿದ್ದರೆ ಸೂಜಿಯಿಂದ ಹಳೆಯ ಕೇಪನ್ನು ಸುಲಭವಾಗಿ ದೂಡಬಹುದು. ನೋಡದೆ ಇನ್ನೊಂದಕ್ಕೆ ಸೂಜಿ ಹಾಕಿದರೆ ಸೂಜಿಯೇ ಮುರಿಯುತ್ತದೆ.

ಅತ್ಯಂತ ಮುಖ್ಯವಾದದ್ದು ಇನ್ನು ಮುಂದಿನದು. ಹಿತ್ತಾಳೆ ಸುಮಾರು 70 ಪಾಲು ತಾಮ್ರ, 30 ಪಾಲು ಸತುವು ಸೇರಿದ ಲೋಹ. ಕೋವಿ ಹಾರಿದಾಗ ಚಿಪ್ಪು ಹಿಗ್ಗಿ ಸುತ್ತಲಿನ ಗೋಡೆಗೆ ಅಂಟಿ ಬಿಸಿ ಅನಿಲವನ್ನು ತಡೆಯುತ್ತದೆ. ಮರುಕ್ಷಣ ತುಸು ಕುಗ್ಗಿ ಹೊರಬರುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಲೋಹ ಪೆಡಸಾಗುತ್ತದೆ. ಕೊರಳಿನಲ್ಲಿ ಬಿರುಕು ಬಿಡುತ್ತದೆ. ಬಂದೂಕಿನ ಚಿಪ್ಪಿನಲ್ಲಿ ಬುಡಕ್ಕೆ ತುಸು ಮೇಲೆ ಹೊಳೆಯುವ ಒಂದು ಉಂಗುರ ಕಂಡರೆ ಸಂಶಯಪಡಬೇಕು. ಬಾಗಿಸಿದ ತಂತಿಯನ್ನು ಒಳಗೆ ಆಡಿಸಿದಾಗ ಅಲ್ಲಿ ತೋಡು ತಗುಲಿದರೆ ಅದನ್ನು ಎಸೆಯಲೇಬೇಕು. ಇಲ್ಲವಾದರೆ ಮುಂದಿನ ಹೊಡೆತದಲ್ಲಿ ಬುಡವೇ ಕಳಚಿ ಬಿಸಿ ಅನಿಲ ಹೊಡೆದವನ ಮುಖಕ್ಕೆ ನುಗ್ಗಬಹುದು.

ಇತಿಹಾಸದ ವಿದ್ಯಾರ್ಥಿಯಾದ ನನ್ನನ್ನು ಸೆಳೆದ ಇನ್ನೊಂದು ಅಂಶವುಂಟು. ಚಿಪ್ಪಿನ ಬುಡದಲ್ಲಿ ತಯಾರಿಸಿದವರ ಮುದ್ರೆಯಿರುತ್ತದೆ. ಸೈನ್ಯದ ತೋಟಾವಾದರೆ ಅನೇಕವೇಳೆ ಇಸವಿಯೂ ಇರುತ್ತದೆ. ಅದು ಕಾಸಿನಗಲದ ಶಾಸನವೇ ಸರಿ. ಸೈನ್ಯದ ಚಿಪ್ಪಿನ ಗೋಡೆ ಎಷ್ಟೋ ಸಲ ದಪ್ಪನಾಗಿರುವುದರಿಂದ ಅದೇ ಅಳತೆಯ ಮದ್ದು ಅಲ್ಲಿ ಹೆಚ್ಚು ಒತ್ತಡವನ್ನು ಉಂಟುಮಾಡುತ್ತದೆ. ಆದ್ದರಿಂದ ಮುದ್ರೆ ನೋಡಿ ಬೇರೆ ಬೇರೆ ಇಡುತ್ತಾರೆ. ಆದರೆ ಆ ಶಾಸನ ಹೇಳುವುದು ಹುಟ್ಟನ್ನು ಮಾತ್ರ. ಎಷ್ಟು ಸಲ ಬೆಂಕಿ ಕಂಡಿದೆ, ಎಲ್ಲಿ ಸವೆದಿದೆ ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಲೇಬೇಕು. ಹುಟ್ಟಿದ ಊರು, ಮನೆತನಗಳ ಮುದ್ರೆ ನೋಡಿಯೇ ಮನುಷ್ಯರನ್ನು ವಿಂಗಡಿಸಿಬಿಡುವ ನಾವು ಹಿತ್ತಾಳೆಗೆ ತೋರುವ ಈ ನ್ಯಾಯವನ್ನಾದರೂ ಕಲಿಯಬಾರದೇ?

ನನ್ನ ತಾಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಆಕೆ ಮೊರದಲ್ಲಿ ಅಕ್ಕಿ ಆರಿಸುವಾಗ, ಅಕ್ಕಿಯ ಬಣ್ಣದ್ದೇ ಆದ ಕಲ್ಲು ಸಹ ಆಕೆಯ ಬೆರಳಿಗೆ ತಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಪದವಿಯ ಪರೀಕ್ಷೆಗೆ ಕೂರುವ ಮೊದಲಿಗನಾದ ನಾನು ನೂರನ್ನು ಎಣಿಸಿದೆ, ಒಂದನ್ನೂ ನೋಡಲಿಲ್ಲ. ಓದಿನ ಜಂಬ ಕಣ್ಣನ್ನು ಹೀಗೆ ಮುಚ್ಚುವುದಾದರೆ ಅಂತಹ ಓದು ಅರ್ಧವೇ ಸರಿ.

‘ನಮ್ಮ .22 ಚಿಪ್ಪುಗಳು ಹೇಗೂ ಮರುಬಳಕೆಗೆ ಬಾರವು, ಎಣಿಸಿದರೆ ಸಾಲದೇ?’ ಎಂದು ಮಿತ್ರರು ಕೇಳಬಹುದು. ಎಣಿಕೆ ಬೇಕು. ಯಾವನಾದರೂ ಒಂದನ್ನು ಜೇಬಿಗಿಳಿಸಿದರೆ ಅದು ಹೇಳುತ್ತದೆ. ಆದರೆ 99 ಖಾಲಿ, 1 ಜೀವಂತ ಕೂಡಿದರೂ ಮೊತ್ತ ನೂರೇ! ಅಪಾಯವನ್ನು ಹಿಡಿಯುವುದು ಕಣ್ಣು, ಕೂಡುಲೆಕ್ಕವಲ್ಲ.

ಆದಕಾರಣ ನನ್ನದೊಂದು ನಮ್ರ ಸಲಹೆ. ಖೋಖಾ ಆರಿಸುವ ಕೆಲಸ ತಪ್ಪಿತಸ್ಥರ ಪಾಲಿಗೆ ಹೋಗಬಾರದು. ಸರದಿಯ ಮೇಲೆ ಎಲ್ಲರೂ ಮಾಡಲಿ. ಚೆನ್ನಾಗಿ ಗುರಿ ಹೊಡೆದವನು ಮೊದಲು ಮಾಡಲಿ. ಒಬ್ಬ ಎಣಿಸಲಿ, ಇನ್ನೊಬ್ಬ ಒಂದೊಂದನ್ನೂ ನೋಡಲಿ, ಅನುಮಾನ ಬಂದದ್ದನ್ನು ತಾನು ಮುಟ್ಟದೆ ಉಸ್ತಾದರನ್ನು ಕರೆಯಲಿ. ಕೇಪಿನ ಮದ್ದಿನಲ್ಲಿ ಸಾಮಾನ್ಯವಾಗಿ ಸೀಸದ ಅಂಶವಿರುವುದರಿಂದ, ಮುಗಿದ ಮೇಲೆ ಕೈ ತೊಳೆದುಕೊಂಡೇ ತಿಂಡಿಗೆ ಕೂರಲಿ. ಸಿಟ್ಟಿನಿಂದ ಮಾಡುವವನ ಕಣ್ಣು ನೆಲದ ಮೇಲಿರುತ್ತದೆ, ಕೆಲಸದ ಮೇಲಿರುವುದಿಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಈ ವರ್ಷದ ಶಿಬಿರದಲ್ಲಿ ನನ್ನ ಬೂಟು ಹೊಳೆಯುತ್ತಿತ್ತು. ಆದರೂ ಉಸ್ತಾದರನ್ನು ಕೇಳಿಕೊಂಡು ಖೋಖಾ ಆರಿಸಲು ಹೋದೆ. ಆ ದಿನ ನೂರಕ್ಕೆ ನೂರೂ ಖಾಲಿಯಾಗಿದ್ದವು. ನೋಡಿದ ಮೇಲೆಯೇ ಹಾಗೆಂದು ಹೇಳಿದೆ.