ಹೆಂಗಸಿಗೆ ಯಾಕೆ ಬೇಕಿತ್ತು?

ಬೆಸ್ಸಿ ಕೋಲ್‌ಮನ್ನಳ ಕತೆ ಹೇಳಿದಾಗಲೆಲ್ಲ ಯಾರಾದರೊಬ್ಬರು ‘ಹೆಂಗಸಿಗೆ ಅದೆಲ್ಲ ಯಾಕೆ ಬೇಕಿತ್ತು?’ ಎನ್ನುತ್ತಾರೆ. ಹೇಳುವವರಲ್ಲಿ ಹೆಂಗಸರೂ ಇರುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ.

ಅಮೆರಿಕದ ಟೆಕ್ಸಾಸಿನಲ್ಲಿ 1892ರಲ್ಲಿ ಹುಟ್ಟಿದ ಈ ಕಪ್ಪು ಹುಡುಗಿ ಹತ್ತಿ ಬಿಡಿಸಿದಳು, ಶಿಕಾಗೋದ ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರು ತಿದ್ದಿದಳು. ಹೆಣ್ಣು, ಅದರಲ್ಲೂ ಕಪ್ಪು ಜನಾಂಗದವಳು ಎಂದು ಅಲ್ಲಿನ ವಿಮಾನ ಶಾಲೆಗಳು ಬಾಗಿಲು ಹಾಕಿದವು. ಆಕೆ ಫ್ರೆಂಚ್ ಕಲಿತಳು, ಫ್ರಾನ್ಸಿಗೇ ಹೋಗಿ 1921ರಲ್ಲಿ ಲೈಸೆನ್ಸ್ ಪಡೆದಳು. ಆಕಾಶದಲ್ಲಿ ವಿಮಾನವನ್ನು ಲಾಗ ಹಾಕಿಸಿ ಜನರನ್ನು ಬೆರಗುಗೊಳಿಸಿದಳು. ತನ್ನ ಜನರನ್ನು ಒಳಗೆ ಬಿಡದ ಕಡೆ ಹಾರುವುದಿಲ್ಲವೆಂದು ಹಟ ಹಿಡಿದಳು. ಅವರಿಗಾಗಿ ವಿಮಾನ ಶಾಲೆ ತೆರೆಯಬೇಕೆಂದು ಹಣ ಕೂಡಿಸುತ್ತಿದ್ದಳು.

1926ರ ಏಪ್ರಿಲ್ 30ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ, ಮುಂದಿನ ಪ್ರದರ್ಶನಕ್ಕೆ ಜಾಗ ನೋಡಲೆಂದು ಬೆಲ್ಟ್ ಕಟ್ಟದೆ ಕೂತಿದ್ದಾಗ ವಿಮಾನ ಮಗುಚಿತು. ಆಕೆ ಕೆಳಗೆ ಬಿದ್ದು ಸತ್ತಳು. ಆಗ ವಿಮಾನ ನಡೆಸುತ್ತಿದ್ದವನು ಅವಳ ಮೆಕ್ಯಾನಿಕ್. ಅವನೂ ಉಳಿಯಲಿಲ್ಲ. ಅದು ಕೈಗೆಟುಕಿದ ಹಳೆಯ ವಿಮಾನ. ಅದರ ಗಿಯರಿನಲ್ಲಿ ಒಂದು ಸ್ಪ್ಯಾನರ್ ಸಿಕ್ಕಿಕೊಂಡಿತ್ತು.

‘ಗಂಡಸಿಗೆ ಅದೆಲ್ಲ ಯಾಕೆ ಬೇಕಿತ್ತು?’ ಎಂದು ಆ ಮೆಕ್ಯಾನಿಕ್ಕಿನ ಬಗ್ಗೆ ಒಬ್ಬರಾದರೂ ಕೇಳಿದ್ದಾರೆಯೇ? ಸ್ಪ್ಯಾನರಿಗೆ ಗಂಡು ಹೆಣ್ಣೆಂಬ ಭೇದವಿದೆಯೇ?

ನಮ್ಮ ಮನೆಗಳಲ್ಲೂ ಇದೇ ನ್ಯಾಯ. ಮಗ ಸ್ಕೂಟರಿನಿಂದ ಬಿದ್ದರೆ ರಸ್ತೆಯ ಗುಂಡಿಗೆ ಬೈಗುಳ, ಪುರಸಭೆಗೆ ಶಾಪ. ಮಗಳು ಬಿದ್ದರೆ ಬೈಗುಳವೂ ಅವಳಿಗೇ, ಮರುದಿನದಿಂದ ಕೀ ಅಪ್ಪನ ಜೇಬಿಗೆ. ಗುಂಡಿ ಇಬ್ಬರಿಗೂ ಒಂದೇ ತಾಯಂದಿರೇ. ಗಾಯಕ್ಕೆ ಮುಲಾಮು ಹಚ್ಚಿ, ಕೀ ಮತ್ತೆ ಮಗಳ ಕೈಗೇ ಕೊಡಿ.